ಕ್ಯಾಶುವಾಲ್ಟಿ ಸಿಸ್ಟರ್‌ಗಳಿಗೆ ಫೋರೆನ್ಸಿಕ್ ನರ್ಸಿಂಗ್: ಎಲ್ಲಿಂದ ಶುರು ಮಾಡೋದು, ಏನೇನ್ ಕಲಿಯೋದು

ಹನ್ನೊಂದು ವರ್ಷದ ಹಿಂದಿನ ಮಾತು. ನೈಟ್ ಡ್ಯೂಟಿ, ಎರಡೂವರೆ ಸುಮಾರಿಗೆ ಹೊಟ್ಟೆಗೆ ಚಾಕು ಹಾಕಿಸ್ಕೊಂಡಿದ್ದ ಹುಡುಗನ್ನ ಆಟೋದಲ್ಲಿ ಹಾಕ್ಕೊಂಡು ಬಂದ್ರು, ಬಿಪಿ ಸಿಗ್ತಿಲ್ಲ, ನಾನು ಕತ್ತರಿ ತಗೊಂಡು ಶರ್ಟ್ ಕತ್ತರಿಸ್ದೆ, ಎಲ್ಲಿ ಸಲೀಸಾಗಿ ಹೋಗತ್ತೋ ಅಲ್ಲಿ, ಅಂದ್ರೆ ಚಾಕು ಹರಿದಿದ್ದ ತೂತಿನ ಮೂಲಕಾನೇ. ರಕ್ತದಲ್ಲಿ ನೆಂದಿದ್ದ ಶರ್ಟನ್ನ ಪ್ಲಾಸ್ಟಿಕ್ ಕವರಿಗೆ ತುಂಬಿ ಗಂಟು ಹಾಕಿ ಡ್ರೆಸ್ಸಿಂಗ್ ಟೇಬಲ್ ಕೆಳಗೆ ತಳ್ಳಿದ್ವಿ. ಎರಡು ದಿನ ಆದ್ಮೇಲೆ ಪೊಲೀಸ್ರು ಕೇಳ್ಕೊಂಡು ಬಂದಾಗ ಬಿಚ್ಚಿದ್ರೆ ವಾಸನೆ, ಬಟ್ಟೆ ಮೇಲೆಲ್ಲ ಬೂಷ್ಟು. ಹುಡುಗ ಬದುಕ್ದ. ಆದ್ರೆ ಕೇಸು ಕೋರ್ಟಿಗೆ ಬಂದಾಗ ನನಗೂ ಸಮನ್ಸ್ ಬಂತು, ಆ ಕಡೆ ವಕೀಲರು ಶರ್ಟ್ ಎತ್ತಿ ತೋರಿಸಿ, "ಸಿಸ್ಟರ್, ಈ ಹರಿದಿರೋದು ಚಾಕೂದಾ ನಿಮ್ಮ ಕತ್ತರೀದಾ" ಅಂತ ಕೇಳಿದ್ರು. ನನ್ ಹತ್ರ ಉತ್ತರ ಇರ್ಲಿಲ್ಲ. ಹುಡುಗನ ತಾಯಿ ಹಿಂದಿನ ಬೆಂಚಲ್ಲಿ ಕೂತಿದ್ರು.

ಅವತ್ತಿಂದ ನಾನು ಫೋರೆನ್ಸಿಕ್ ನರ್ಸಿಂಗ್, ಅಂದ್ರೆ ಪೇಷೆಂಟ್ ನೋಡ್ಕೊಳ್ತಾನೇ ಕೋರ್ಟಿಗೆ ಬೇಕಾದ ಸಾಕ್ಷ್ಯ ಉಳಿಸೋ ವಿಷಯ ಓದೋಕೆ ಶುರು ಮಾಡ್ದೆ. ಈಗ ಜೂನಿಯರ್ ಸಿಸ್ಟರ್‌ಗಳು, ಬ್ರದರ್‌ಗಳು "ಮೇಡಂ ಫೋರೆನ್ಸಿಕ್ ನರ್ಸಿಂಗ್ ಕೋರ್ಸ್ ಎಲ್ಲಿದೆ, ಎಷ್ಟು ಫೀಸು" ಅಂತ ಕೇಳ್ತಾನೇ ಇರ್ತಾರೆ. ಎಲ್ರೂ ಮೊದಲು ಕೇಳೋದು ಕೋರ್ಸು. ನಾನು ಹೇಳೋದು, ಕೋರ್ಸು ನಾಲ್ಕನೇದೋ ಐದನೇದೋ ಹೆಜ್ಜೆ, ಮೊದಲು ನಿಮ್ಮ ಕತ್ತರಿ, ನಿಮ್ಮ ಕವರು, ನಿಮ್ಮ ಪೆನ್ನು ಸರಿ ಆಗ್ಬೇಕು. ಜಿಎನ್‌ಎಂ ನರ್ಸಿಂಗ್ ಡಿಪ್ಲೊಮಾ ಆಗಿರ್ಲಿ, ಬಿಎಸ್‌ಸಿ ಆಗಿರ್ಲಿ, ರಿಜಿಸ್ಟ್ರೇಷನ್ ಇರೋ ಯಾರ್ ಬೇಕಾದ್ರೂ ಈ ಕ್ರಮದಲ್ಲಿ ಹೋಗ್ಬಹುದು.

ಮೊದಲು ಇದು ಏನು, ಇದರಲ್ಲಿ ನಮ್ಮ ಪಾಲೆಷ್ಟು ಅಂತ ತಿಳ್ಕೊಳ್ಳಿ

ಫೋರೆನ್ಸಿಕ್ ಅಂದ ತಕ್ಷಣ ಎಲ್ರಿಗೂ ಪೋಸ್ಟ್‌ಮಾರ್ಟಮ್ ನೆನಪಾಗತ್ತೆ. ನಮ್ಮ ಕೆಲಸ ಹೆಚ್ಚಾಗಿ ಜೀವಂತ ಇರೋರ ಜೊತೆ. ಹಲ್ಲೆ, ಸುಟ್ಟಗಾಯ, ವಿಷ ಕುಡಿದೋರು, ಆಕ್ಸಿಡೆಂಟು, ಲೈಂಗಿಕ ದೌರ್ಜನ್ಯಕ್ಕೆ ಒಳಗಾದೋರು, ಮನೇಲಿ ಹೊಡೆತ ತಿಂದು "ಮೆಟ್ಟಿಲಿಂದ ಬಿದ್ದೆ" ಅಂತ ಹೇಳೋ ಹೆಂಗಸ್ರು, ಮೈಮೇಲೆ ಬರೆ ಇರೋ ಮಕ್ಕಳು. ಅಂದ್ರೆ ಎಂಎಲ್‌ಸಿ (ಪೊಲೀಸ್ರಿಗೆ ತಿಳಿಸ್ಬೇಕಾದ ಮೆಡಿಕೋ ಲೀಗಲ್ ಕೇಸ್) ಆಗೋ ಪ್ರತಿಯೊಬ್ರೂ, ಎಂಎಲ್‌ಸಿ ಆಗ್ಬೇಕಿದ್ದು ಆಗದೇ ಹೋದೋರೂ.

ಅಮೆರಿಕದಲ್ಲಿ ವರ್ಜೀನಿಯಾ ಲಿಂಚ್ ಅನ್ನೋ ನರ್ಸ್ ಇದನ್ನ ಒಂದು ಬೇರೆ ವಿಭಾಗವಾಗಿ ಬೆಳೆಸಿದ್ರು, 1992ರಲ್ಲಿ ಮಿನಿಯಾಪೊಲಿಸ್‌ನಲ್ಲಿ ನರ್ಸ್‌ಗಳು ಸೇರಿ ಐಎಎಫ್‌ಎನ್ (ಫೋರೆನ್ಸಿಕ್ ನರ್ಸ್‌ಗಳ ಅಂತಾರಾಷ್ಟ್ರೀಯ ಸಂಘ) ಅನ್ನೋ ಸಂಸ್ಥೆ ಕಟ್ಟಿದ್ರು, 1995ರಲ್ಲಿ ಅಮೆರಿಕನ್ ನರ್ಸಸ್ ಅಸೋಸಿಯೇಷನ್ ಇದನ್ನ ಸ್ಪೆಷಾಲಿಟಿ ಅಂತ ಒಪ್ಕೊಳ್ತು. ಅಲ್ಲಿ ಟ್ರೈನಿಂಗ್ ಆದ ನರ್ಸೇ ಪೂರ್ತಿ ಪರೀಕ್ಷೆ ಮಾಡಿ ಸ್ಯಾಂಪಲ್ ತೆಗೆದು ಕೋರ್ಟಲ್ಲಿ ಸಾಕ್ಷಿ ಹೇಳ್ತಾರೆ. ನಮ್ಮಲ್ಲಿ ಹಾಗಲ್ಲ. ಬಿಎನ್‌ಎಸ್‌ಎಸ್ (ಸಿಆರ್‌ಪಿಸಿ ಬದಲಿಗೆ ಬಂದ ಕಾನೂನು) ಸೆಕ್ಷನ್ 184ರ ಪ್ರಕಾರ ಅತ್ಯಾಚಾರದ ಕೇಸಲ್ಲಿ ಸಂತ್ರಸ್ತೆಯ ಪರೀಕ್ಷೆ ಮಾಡ್ಬೇಕಾದ್ದು ರಿಜಿಸ್ಟರ್ಡ್ ಡಾಕ್ಟರು. ಹಂಗಂತ ನಮ್ಮ ಪಾಲು ಸಣ್ಣದೇನಲ್ಲ. ಪೇಷೆಂಟ್ ಮುಖ ಮೊದಲು ನೋಡೋರು ನಾವು, ಬಟ್ಟೆ ಬಿಚ್ಚೋರು ನಾವು, ಗಾಯ ತೊಳೆಯೋರು ನಾವು, ರಾತ್ರಿಯೆಲ್ಲಾ ಪಕ್ಕದಲ್ಲಿದ್ದು ಅವರಾಡೋ ಮಾತು ಕೇಳಿಸ್ಕೊಳ್ಳೋರೂ ನಾವೇ. ಡಾಕ್ಟರ್ ಬರೋ ಹೊತ್ತಿಗೆ ಎಷ್ಟೋ ಸಲ ಅರ್ಧ ಸಾಕ್ಷ್ಯ ನಮ್ಮ ಕೈಯಿಂದಾನೇ ಉಳಿದಿರತ್ತೆ ಇಲ್ಲಾ ಹೋಗಿರತ್ತೆ.

ರಿಜಿಸ್ಟ್ರೇಷನ್, ಸಿಎನ್‌ಇ ಲೆಕ್ಕ

ಇದು ಬೇಗ ಮುಗಿಯೋ ಕೆಲಸ. ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್‌ನಲ್ಲಿ ನಿಮ್ಮ ರಿಜಿಸ್ಟ್ರೇಷನ್ ಚಾಲ್ತಿಯಲ್ಲಿದ್ಯಾ, ಐಎನ್‌ಸಿ (ಇಂಡಿಯನ್ ನರ್ಸಿಂಗ್ ಕೌನ್ಸಿಲ್) ಕೊಡೋ ಎನ್‌ಯುಐಡಿ, ಅಂದ್ರೆ ನರ್ಸ್‌ಗಳ ಗುರುತಿನ ನಂಬರ್ ಬಂದಿದ್ಯಾ ನೋಡ್ಕೊಳ್ಳಿ. ಐಎನ್‌ಸಿ ಲೆಕ್ಕದಲ್ಲಿ 5 ವರ್ಷಕ್ಕೆ 150 ಗಂಟೆ ಸಿಎನ್‌ಇ (ಕೆಲಸದಲ್ಲಿದ್ದಾಗ ಮುಂದುವರಿಸೋ ಕಲಿಕೆ), ವರ್ಷಕ್ಕೆ 30 ಗಂಟೆ ಬೀಳತ್ತೆ. ಆ 30ರಲ್ಲಿ ಒಂದು ಹತ್ತು ಗಂಟೆ ಈ ವಿಷಯಕ್ಕೇ ಅಂತ ಎತ್ತಿಡಿ. ಯಾವ್ದೇ ವರ್ಕ್‌ಶಾಪಿಗೆ ದುಡ್ಡು ಕಟ್ಟೋ ಮುಂಚೆ, ಇದಕ್ಕೆ ಸ್ಟೇಟ್ ಕೌನ್ಸಿಲ್ ಕ್ರೆಡಿಟ್ ಇದ್ಯಾ ಅಂತ ಕೇಳಿ, ಅದನ್ನ ಬರವಣಿಗೇಲಿ ತಗೊಳ್ಳಿ. ಚಂದದ ಸರ್ಟಿಫಿಕೇಟ್ ಕೊಟ್ಟು ಕ್ರೆಡಿಟ್ ಕೊಡದೇ ಇರೋ ವೆಬಿನಾರ್‌ಗಳು ಬೇಕಾದಷ್ಟಿವೆ, ನಮ್ಮ ಹುಡುಗೀರು ಸುಮಾರು ಜನ ಹಂಗೆ ದುಡ್ಡು ಕಳ್ಕೊಂಡಿದ್ದಾರೆ.

ನಿಮ್ಮ ವಾರ್ಡಿನ ಎಂಎಲ್‌ಸಿ ರಿಜಿಸ್ಟರೇ ಮೊದಲ ಪುಸ್ತಕ

ಒಂದು ವಾರ ಬಿಡುವಿದ್ದಾಗೆಲ್ಲ ಇನ್‌ಚಾರ್ಜ್ ಸಿಸ್ಟರ್ ಪರ್ಮಿಷನ್ ತಗೊಂಡು ಹಳೇ ಎಂಟ್ರಿಗಳನ್ನ ಓದಿ. ಪೇಷೆಂಟ್ ಬಂದ ಟೈಮ್ ಬರ್ದಿದ್ಯಾ, ಕರ್ಕೊಂಡ್ ಬಂದೋರು ಯಾರು, ಪೊಲೀಸ್ ಇಂಟಿಮೇಷನ್ ಎಷ್ಟೊತ್ತಿಗೆ ಹೋಯ್ತು, ತಗೊಂಡೋರ ಹೆಸರು, ಪಿಸಿ (ಕಾನ್‌ಸ್ಟೇಬಲ್) ನಂಬರ್, ಸಹಿ ಇದ್ಯಾ. ಬಟ್ಟೆ ಏನಾಯ್ತು ಅಂತ ಎಲ್ಲಾದ್ರೂ ಬರ್ದಿದ್ಯಾ ಹುಡ್ಕಿ. ನಾನು ಹಂಗೆ ಹುಡುಕ್ದಾಗ ಬಟ್ಟೆ ಬಗ್ಗೆ ಒಂದು ಸಾಲು ಸಿಕ್ಕಿದ್ದು ತುಂಬಾ ಕಮ್ಮಿ ಕೇಸಲ್ಲಿ. ಎಲ್ಲಿ ತೂತಿದೆ ಅಂತ ನಿಮಗೇ ಕಾಣತ್ತೆ, ಆಮೇಲೆ ಓದೋದೆಲ್ಲ ತಲೇಲಿ ನಿಲ್ಲತ್ತೆ.

ಕಾನೂನು, ನಮಗೆ ಬೇಕಾದಷ್ಟು

2024ರ ಜುಲೈ 1ರಿಂದ ಐಪಿಸಿ, ಸಿಆರ್‌ಪಿಸಿ, ಎವಿಡೆನ್ಸ್ ಆಕ್ಟ್ ಹೋಗಿ ಬಿಎನ್‌ಎಸ್, ಬಿಎನ್‌ಎಸ್‌ಎಸ್, ಬಿಎಸ್‌ಎ ಬಂದಿವೆ. ಹಳೇ ನೋಟ್ಸ್ ಇಟ್ಕೊಂಡು ಓದ್ಬೇಡಿ. ಇಡೀ ಪುಸ್ತಕ ಬೇಕಾಗಿಲ್ಲ, ಕೆಳಗಿನಷ್ಟು ಬಾಯಿಪಾಠ ಆಗ್ಲಿ ಸಾಕು.

ಬಿಎನ್‌ಎಸ್‌ಎಸ್ 184, ಮೇಲೆ ಹೇಳಿದ್ದೇ. ಇದರಲ್ಲಿ ಒಪ್ಪಿಗೆ ಇಲ್ದೆ ಪರೀಕ್ಷೆ ಮಾಡೋ ಹಾಗಿಲ್ಲ, ರಿಪೋರ್ಟು 7 ದಿನದೊಳಗೆ ತನಿಖಾಧಿಕಾರಿಗೆ ಹೋಗ್ಬೇಕು. ಬಿಎನ್‌ಎಸ್‌ಎಸ್ 397, ಅತ್ಯಾಚಾರ ಅಥವಾ ಆಸಿಡ್ ದಾಳಿಗೆ ಒಳಗಾದೋರಿಗೆ ಸರ್ಕಾರಿ ಆಗ್ಲಿ ಪ್ರೈವೇಟ್ ಆಗ್ಲಿ ಎಲ್ಲಾ ಆಸ್ಪತ್ರೇಲೂ ತಕ್ಷಣ ಉಚಿತ ಚಿಕಿತ್ಸೆ, ಪೊಲೀಸ್ರಿಗೂ ತಿಳಿಸ್ಬೇಕು. ಕೊಡದಿದ್ರೆ ಬಿಎನ್‌ಎಸ್ 200ರಲ್ಲಿ ಆಸ್ಪತ್ರೆ ನಡೆಸೋರಿಗೆ ಒಂದು ವರ್ಷದವರೆಗೆ ಜೈಲಾಗ್ಬಹುದು. "ಮೊದಲು ಸ್ಟೇಷನ್‌ಗೆ ಹೋಗಿ ಎಫ್‌ಐಆರ್ ಮಾಡಿಸ್ಕೊಂಡು ಬನ್ನಿ" ಅಂತ ಬಾಗಿಲಲ್ಲೇ ವಾಪಸ್ ಕಳಿಸೋದನ್ನ ನಾನು ಕಣ್ಣಾರೆ ನೋಡಿದೀನಿ, ದಯವಿಟ್ಟು ಯಾರೂ ಹಂಗೆ ಮಾಡ್ಬೇಡಿ, ಪೊಲೀಸ್ ಲೆಟರ್ ಇಲ್ದೇನೂ ನೇರವಾಗಿ ಬಂದೋರಿಗೆ ಚಿಕಿತ್ಸೆ, ಪರೀಕ್ಷೆ ಎರಡೂ ಮಾಡ್ಬೇಕು ಅಂತ ಕೇಂದ್ರ ಆರೋಗ್ಯ ಇಲಾಖೆಯ 2014ರ ಮಾರ್ಗಸೂಚೀಲೇ ಇದೆ.

ಆ ಮಾರ್ಗಸೂಚಿ ಇಡೀ ಓದಿ, ಆನ್‌ಲೈನಲ್ಲಿ ಪುಕ್ಕಟೆ ಸಿಗತ್ತೆ. ಕೊನೇಲಿ ಪರೀಕ್ಷೆಯ ಫಾರ್ಮ್ ಇದೆ, ಅದನ್ನ ಪ್ರಿಂಟ್ ತೆಗೆದು ಸುಮ್ನೆ ಒಂದ್ಸಲ ತುಂಬಿ ನೋಡಿ. 12 ವರ್ಷ ತುಂಬಿದ ಮಕ್ಕಳ ಒಪ್ಪಿಗೇನ ಅವರಿಂದಾನೇ ತಗೋಬೇಕು, ಅದಕ್ಕಿಂತ ಚಿಕ್ಕೋರಾದ್ರೆ ತಂದೆ ತಾಯಿ ಅಥವಾ ಪೋಷಕರು. ಪರೀಕ್ಷೆ ಬೇಡ ಅಂದ್ರೂ ಚಿಕಿತ್ಸೆ ನಿಲ್ಲಿಸೋ ಹಾಗಿಲ್ಲ. ಟೂ ಫಿಂಗರ್ ಟೆಸ್ಟ್ (ಯೋನಿಯೊಳಗೆ ಬೆರಳು ಹಾಕಿ ನೋಡೋ ಹಳೇ ಪರೀಕ್ಷೆ) ತಪ್ಪು ಅಂತ ಸುಪ್ರೀಂ ಕೋರ್ಟು 2013ರಲ್ಲೇ ಹೇಳಿತ್ತು, 2022ರ ಅಕ್ಟೋಬರಲ್ಲಿ ಇನ್ನೂ ಗಟ್ಟಿಯಾಗಿ, ಅದನ್ನ ಮಾಡೋರು ದುರ್ನಡತೆ ಎಸಗಿದ ಹಾಗೆ ಅಂತ ಹೇಳಿದೆ. ಟ್ರಾಲಿ ರೆಡಿ ಮಾಡೋರು ನಾವಾದ್ರಿಂದ ಇದು ನಮಗೆ ಗೊತ್ತಿರ್ಲೇಬೇಕು, ಡಾಕ್ಟರಿಗೆ ಮೆಲ್ಲಗೆ ನೆನಪು ಮಾಡೋ ಧೈರ್ಯಾನೂ ಇರ್ಬೇಕು.

ಪೋಕ್ಸೋ 2012ರ ಸೆಕ್ಷನ್ 19, ಮಗು ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಅಂತ ಗೊತ್ತಾದ್ರೆ ತಿಳಿಸ್ಲೇಬೇಕು, ಇದು ಡಾಕ್ಟರಿಗೆ ಮಾತ್ರ ಅಲ್ಲ, ನಮಗೂ ಸೇರಿ. ಸೆಕ್ಷನ್ 27, ಹೆಣ್ಣುಮಗು ಆದ್ರೆ ಮಹಿಳಾ ಡಾಕ್ಟರೇ ಪರೀಕ್ಷೆ ಮಾಡ್ಬೇಕು, ಮಗು ನಂಬೋ ಒಬ್ರು ಜೊತೇಲಿರ್ಬೇಕು. ಬಿಎನ್‌ಎಸ್ 72, ಸಂತ್ರಸ್ತೆಯ ಗುರುತು ಬಹಿರಂಗ ಮಾಡಿದ್ರೆ ಎರಡು ವರ್ಷದವರೆಗೆ ಶಿಕ್ಷೆ. ವಾರ್ಡ್ ವಾಟ್ಸಾಪ್ ಗ್ರೂಪಲ್ಲಿ "ಆ ಕೇಸ್ ಬಂದಿದೆ" ಅಂತ ಹೆಸರು, ಫೋಟೋ ಹಾಕೋದು ಇದಕ್ಕೇ ಬರತ್ತೆ.

ಕೈಗೆಲಸ

ಇದನ್ನ ಓದಿ ಕಲಿಯೋಕಾಗಲ್ಲ, ಮಾಡಿ ಕಲೀಬೇಕು. ಮನೇಲಿ ಒಂದು ಹಳೇ ಶರ್ಟ್ ತಗೊಳ್ಳಿ, ಹೊಟ್ಟೆ ಹತ್ರ ಬ್ಲೇಡಲ್ಲಿ ಒಂದು ತೂತು ಮಾಡಿ, ಕುಂಕುಮದ ನೀರಲ್ಲಿ ಒದ್ದೆ ಮಾಡಿ. ಈಗ ತೂತಿಂದ ಒಂದು ಗೇಣು ದೂರ ಇಟ್ಟು ಸುತ್ತಾಕ್ಕೊಂಡು ಕತ್ತರಿಸಿ ಬಿಚ್ಚಿ. ಒದರಬೇಡಿ, ಮುದ್ದೆ ಮಾಡ್ಬೇಡಿ, ಧೂಳು ಕೂದಲು ಎಲ್ಲಾ ಉದುರೋಗತ್ತೆ. ಶುಭ್ರವಾದ ಕಾಗದದ ಮೇಲೆ ಹರಡಿ ನೆರಳಲ್ಲಿ ಆರ್ಲಿ, ಬಿಸಿಲಿಗೆ ಹಾಕ್ಬಾರ್ದು, ಹೀಟರ್ ಹತ್ರಾನೂ ಬೇಡ. ಒಣಗಿದ್ಮೇಲೆ ಮಡಿಚುವಾಗ ಕಲೆ ಮೇಲೆ ಕಲೆ ಕೂರದ ಹಾಗೆ ಮಧ್ಯ ಒಂದೊಂದು ಕಾಗದ ಇಟ್ಟು ಬ್ರೌನ್ ಪೇಪರ್ ಕವರಿಗೆ ಹಾಕಿ. ಒಂದು ಬಟ್ಟೆಗೆ ಒಂದೇ ಕವರು. ಎಂಜಲು ಹಚ್ಚಿ ಅಂಟಿಸ್ಬೇಡಿ, ನಿಮ್ಮ ಡಿಎನ್‌ಎ ಅದಕ್ಕೆ ಹೋಗತ್ತೆ. ಹೆಸರು, ಎಂಎಲ್‌ಸಿ ನಂಬರ್, ಏನಿದೆ, ತಾರೀಕು, ಟೈಮು, ಸಹಿ, ಆಮೇಲೆ ಅರಗು ಹಾಕಿ ಸೀಲು, ಅದೇ ಸೀಲಿನ ಗುರುತು ಬೇರೆ ಹಾಳೆ ಮೇಲೂ. ಪ್ಲಾಸ್ಟಿಕ್ ಯಾಕ್ ಬೇಡ ಅಂದ್ರೆ ತೇವ ಒಳಗೇ ಉಳಿದು ಬೂಷ್ಟು ಬಂದು ಡಿಎನ್‌ಎ ಹಾಳಾಗತ್ತೆ. ನನ್ನ ಕೈಲಿ ಆದದ್ದು ಅದೇ.

ಸ್ವಾಬ್ ಕೂಡ ಹಂಗೇ, ಗಾಳಿಗೆ ಪೂರ್ತಿ ಒಣಗಿಸಿ ಬೇರೆ ಬೇರೆ ಕವರು, ಪ್ರತಿ ಜಾಗಕ್ಕೂ ಗ್ಲೌಸ್ ಬದಲಾಯಿಸಿ. ಲೈಂಗಿಕ ದೌರ್ಜನ್ಯದ ಕೇಸಲ್ಲಿ 72 ಗಂಟೆ ಆದ್ಮೇಲೆ ಸಾಕ್ಷ್ಯ ಸಿಗೋ ಸಾಧ್ಯತೆ ತುಂಬಾ ಕಮ್ಮಿ ಆದ್ರೂ 96 ಗಂಟೆವರೆಗೂ ಸ್ಯಾಂಪಲ್ ತಗೊಳ್ಳಿ ಅಂತ ಮಾರ್ಗಸೂಚಿ ಹೇಳತ್ತೆ, ಯಾಕಂದ್ರೆ ಎಷ್ಟೋ ಜನಕ್ಕೆ ಗಂಟೆ ಲೆಕ್ಕ ಸರಿಯಾಗಿ ಹೇಳೋ ಸ್ಥಿತೀಲೇ ಇರಲ್ಲ. ಎಚ್‌ಐವಿ ತಗುಲದ ಹಾಗೆ ತಡೆಯೋ ಪೆಪ್ ಮಾತ್ರೆ 72 ಗಂಟೆ ಒಳಗೆ ಶುರು ಆಗ್ಲೇಬೇಕು, ಗರ್ಭ ತಡೆಯೋ ಮಾತ್ರೆನೂ ಎಷ್ಟು ಬೇಗ ಆದ್ರೆ ಅಷ್ಟು ಒಳ್ಳೇದು. ಸ್ಯಾಂಪಲ್ ಗಡಿಬಿಡೀಲಿ ಇದನ್ನ ಮರೀಬಾರ್ದು, ಚಿಕಿತ್ಸೆ ಯಾವತ್ತೂ ಮೊದಲು.

ಕುಡಿದಿದ್ದಾರಾ ಅಂತ ನೋಡೋಕೆ ರಕ್ತ ತೆಗೆಯುವಾಗ ಸ್ಪಿರಿಟ್ ಸ್ವಾಬ್ ಬಳಸ್ಬೇಡಿ, ಫ್ಲೋರೈಡ್ ಇರೋ ಬೂದು ಮುಚ್ಚಳದ ಟ್ಯೂಬಿಗೆ ಹಾಕಿ. ಡಿಎನ್‌ಎಗಾದ್ರೆ ಇಡಿಟಿಎ ಟ್ಯೂಬು. ನಮ್ಮ ಕಡೆ ಕ್ರಿಮಿನಾಶಕ ಕುಡಿದೋರು ಜಾಸ್ತಿ, ಹೊಟ್ಟೆ ತೊಳೆದ ಮೊದಲ ನೀರನ್ನ ಬಕೆಟ್ಟಿಗೆ ಸುರೀದೆ ಶುಭ್ರವಾದ ಬಾಟಲಿಗೆ ಹಿಡಿದು ಲೇಬಲ್ ಹಾಕಿ, ಮನೆಯೋರು ತಂದ ಡಬ್ಬಿನೂ ಎತ್ತಿಡಿ. ಆಸಿಡ್ ಕುಡಿದೋರಿಗೆ ಲವಾಜ್ (ಹೊಟ್ಟೆ ತೊಳೆಯೋದು) ಮಾಡೋದೇ ಇಲ್ಲ ಅನ್ನೋದು ನಿಮಗೆ ಗೊತ್ತೇ ಇದೆ. ಎಂಎಲ್‌ಸಿ ಪೇಷೆಂಟ್ ತೀರ್ಕೊಂಡ್ರೆ ಇಟಿ ಟ್ಯೂಬು (ಉಸಿರಿನ ನಳಿಕೆ), ಕ್ಯಾನುಲಾ, ಕ್ಯಾಥೆಟರ್ ಕಿತ್ತು ಮೈ ತೊಳೆದು ಚಂದ ಮಾಡಿ ಕಳಿಸ್ಬೇಡಿ, ಇದ್ದದ್ದು ಇದ್ದ ಹಾಗೇ ಮಾರ್ಚುರಿಗೆ ಹೋಗ್ಲಿ. ಮನೆಯೋರಿಗೆ ಯಾಕೆ ಅಂತ ಸಮಾಧಾನವಾಗಿ ಹೇಳಿ, ಬೈಕೊಂಡ್ರೂ ಹೇಳಿ.

ಪೆನ್ನು

"ಎಡಗೈಗೆ ಗಾಯ ಇದೆ, ಡ್ರೆಸ್ಸಿಂಗ್ ಮಾಡಲಾಯಿತು." ಇದು ನಾವು ದಿನಾ ಬರೆಯೋ ಸಾಲು. ಇದರಿಂದ ಯಾರಿಗೂ ಏನೂ ತಿಳಿಯಲ್ಲ. "ಎಡ ಮುಂಗೈ ಹಿಂಬದಿ, ಮಣಿಕಟ್ಟಿಂದ 6 ಸೆಂ.ಮೀ. ಮೇಲೆ, 4 ಸೆಂ.ಮೀ. ಉದ್ದದ ತರಚು ಗಾಯ, ಕೆಂಪಗಿದೆ, ರಕ್ತ ಒಸರ್ತಿದೆ, ಒಳಗೆ ಮಣ್ಣಿನ ಕಣ ಇದೆ" ಅಂತ ಬರೆದ್ರೆ ಐದು ವರ್ಷ ಆದ್ಮೇಲೂ ಆ ಗಾಯ ಕಣ್ಣಿಗೆ ಬರತ್ತೆ. ಇನ್ನೊಂದು, ನಾವು ಎಲ್ಲಾ ಕೊಯ್ತಕ್ಕೂ ಲ್ಯಾಸರೇಷನ್ ಅಂತ ಬರೀತೀವಿ. ಲ್ಯಾಸರೇಷನ್ ಅಂದ್ರೆ ದೊಣ್ಣೆ, ಕಲ್ಲು ತರದ ಮೊಂಡು ವಸ್ತು ಬಡಿದು ಚರ್ಮ ಸೀಳಿರೋದು, ಚಾಕು ಬ್ಲೇಡಲ್ಲಿ ಕೊಯ್ದಿದ್ದು ಇನ್‌ಸೈಸ್ಡ್. ಈ ಒಂದು ಪದ ತಪ್ಪಾದ್ರೆ ಆಯುಧವೇ ಬದಲಾಗೋಗತ್ತೆ. ಕಂದಿದ ಬಣ್ಣ ನೋಡಿ ಗಾಯ ಎಷ್ಟು ದಿನದ್ದು ಅಂತ ನೀವು ನಿರ್ಧಾರ ಮಾಡ್ಬೇಡಿ, ಬಣ್ಣ ಬರೀರಿ ಸಾಕು.

ಪೇಷೆಂಟ್ ಹೇಳಿದ್ದನ್ನ ಅವರದೇ ಮಾತಲ್ಲಿ ಉದ್ಧರಣ ಚಿಹ್ನೆ ಹಾಕಿ ಬರೀರಿ, ಇಂಗ್ಲಿಷಿಗೆ ತಿರುಗಿಸೋಕೆ ಹೋಗ್ಬೇಡಿ. "ನನ್ ಗಂಡ ಸೀಮೆಎಣ್ಣೆ ಸುರಿದ" ಅಂತ ಅವಳಂದ್ರೆ ಅದೇ ಇರ್ಲಿ. ಸುಟ್ಟಗಾಯದೋರು ರಾತ್ರಿ ಮೂರು ಗಂಟೆಗೆ ಮಾತಾಡೋಕೆ ಶುರು ಮಾಡ್ತಾರೆ, ಮ್ಯಾಜಿಸ್ಟ್ರೇಟ್ ಬರೋ ತನಕ ಉಸಿರು ಇರತ್ತೋ ಇಲ್ವೋ. ಬಿಎಸ್‌ಎ ಸೆಕ್ಷನ್ 26ರಲ್ಲಿ ಸಾಯೋ ಮುಂಚಿನ ಹೇಳಿಕೆಗೆ ಬೆಲೆ ಇದೆ, ಮ್ಯಾಜಿಸ್ಟ್ರೇಟ್ ಮಾತ್ರ ತಗೋಬೇಕು ಅಂತಿಲ್ಲ. ತಕ್ಷಣ ಡ್ಯೂಟಿ ಡಾಕ್ಟರನ್ನ ಕರೀರಿ, ಗಂಡನ ಮನೆಯೋರು ತವರಿನೋರು ಎಲ್ರನ್ನೂ ಆಚೆ ಕಳಿಸಿ, ಬಾಯಿಗೆ ಮಾತು ಹಾಕ್ಬೇಡಿ, "ಏನಾಯ್ತಮ್ಮ" ಅಂತಷ್ಟೇ ಕೇಳಿ, ಟೈಮ್ ಬರೀರಿ. "ರೇಪ್ ಆಗಿಲ್ಲ", "ಹೇಳೋದು ಅನುಮಾನ" ಅಂತೆಲ್ಲ ನೋಟ್ಸಲ್ಲಿ ಬರೀಬಾರ್ದು, ಮೈಮೇಲೆ ಗಾಯ ಇಲ್ಲ ಅಂದ ಮಾತ್ರಕ್ಕೆ ಏನೂ ಆಗಿಲ್ಲ ಅಂತ ಅರ್ಥ ಅಲ್ಲ. ತಪ್ಪಾದ್ರೆ ಒಂದೇ ಗೆರೆ ಎಳೆದು ಸಹಿ ಹಾಕಿ, ವೈಟ್ನರ್ ಮುಟ್ಬೇಡಿ.

ಈಗ ಕೋರ್ಸು

2021ರ ಹೊಸ ಬಿಎಸ್‌ಸಿ ಸಿಲಬಸ್‌ನಲ್ಲಿ ಐದನೇ ಸೆಮಿಸ್ಟರಿಗೆ ಫೋರೆನ್ಸಿಕ್ ನರ್ಸಿಂಗ್ ಮತ್ತು ಭಾರತೀಯ ಕಾನೂನು ಅಂತ ಒಂದು ಕ್ರೆಡಿಟ್, 20 ಗಂಟೆ ಪೇಪರ್ ಬಂದಿದೆ. ಅದಕ್ಕಿಂತ ಮುಂಚೆ ಪಾಸಾದ ನಾವು ಅದನ್ನ ಓದೇ ಇಲ್ಲ, ಆದ್ರಿಂದ ಆ ಸಿಲಬಸ್ ಡೌನ್‌ಲೋಡ್ ಮಾಡಿ ಅದನ್ನೇ ಪಾಠದ ಪಟ್ಟಿ ಮಾಡ್ಕೊಳ್ಳಿ, ಒಳ್ಳೆ ಬುನಾದಿ.

ಪೂರ್ತಿಯಾಗಿ ಇದೇ ದಾರೀಲಿ ಹೋಗ್ಬೇಕು ಅನ್ನೋರಿಗೆ ಐಎನ್‌ಸಿಯ ಪೋಸ್ಟ್ ಬೇಸಿಕ್ ಡಿಪ್ಲೊಮಾ ಇದೆ, ಒಂದು ವರ್ಷ, ಥಿಯರಿ ಕಮ್ಮಿ ವಾರ್ಡ್ ಕೆಲಸ ಜಾಸ್ತಿ. ಸೇರೋ ಮುಂಚೆ ಆ ಕಾಲೇಜಿಗೆ ಆ ವರ್ಷ, ಆ ಕೋರ್ಸಿಗೇ ಮಾನ್ಯತೆ ಇದ್ಯಾ ಅಂತ ಐಎನ್‌ಸಿ ವೆಬ್‌ಸೈಟಲ್ಲಿ ನೋಡಿ, ಕಾಲೇಜಿನೋರ ಮಾತು ನಂಬಿ ಫೀಸ್ ಕಟ್ಬೇಡಿ. ಕೆಲಸ ಬಿಡೋಕಾಗದೇ ಇರೋರು, ಡಿಗ್ರಿ ಇರೋರು, ನಾಗರಭಾವಿಯ ನ್ಯಾಷನಲ್ ಲಾ ಸ್ಕೂಲ್ ದೂರಶಿಕ್ಷಣದಲ್ಲಿ ನಡೆಸೋ ಮೆಡಿಕಲ್ ಲಾ ಅಂಡ್ ಎಥಿಕ್ಸ್ ಪಿಜಿ ಡಿಪ್ಲೊಮಾ ನೋಡ್ಬಹುದು. ಅದು ನರ್ಸಿಂಗ್ ಕೋರ್ಸ್ ಅಲ್ಲ, ಆದ್ರೆ ಒಪ್ಪಿಗೆ, ದಾಖಲೆ, ನಿರ್ಲಕ್ಷ್ಯ ಇದನ್ನೆಲ್ಲ ಕಾನೂನಿನ ಕಣ್ಣಲ್ಲಿ ನೋಡೋದು ಕಲಿಸತ್ತೆ. ಧಾರವಾಡದಲ್ಲಿ ನ್ಯಾಷನಲ್ ಫೋರೆನ್ಸಿಕ್ ಸೈನ್ಸಸ್ ಯೂನಿವರ್ಸಿಟಿಯ ಕ್ಯಾಂಪಸ್ಸೂ ಇದೆ, ಉತ್ತರ ಕರ್ನಾಟಕದೋರು ಅಲ್ಲಿನ ಪ್ರಕಟಣೆಗಳ ಮೇಲೆ ಒಂದು ಕಣ್ಣಿಡಿ.

ದುಡ್ಡಿಲ್ದೆ ಕಲಿಯೋದಾದ್ರೆ ಡಬ್ಲ್ಯೂಎಚ್‌ಒ ಹೆಂಗಸರ ಮೇಲಿನ ಹಿಂಸೆ ಬಗ್ಗೆ ಆರೋಗ್ಯ ಕಾರ್ಯಕರ್ತರಿಗೇ ಅಂತ ಮಾಡಿರೋ ಪಾಠ 2019ರಿಂದ ಇದೆ. ಅದರಲ್ಲಿ ಲೈವ್ಸ್ ಅನ್ನೋ ಐದು ಹೆಜ್ಜೆ ಬರತ್ತೆ: ಕೇಳಿಸ್ಕೋ, ಏನ್ ಬೇಕು ವಿಚಾರ್ಸು, ನಂಬು, ಸುರಕ್ಷತೆ ನೋಡು, ಮುಂದಿನ ನೆರವಿಗೆ ಜೋಡಿಸು. ಈ ಕೊನೇದಕ್ಕೆ ನಿಮ್ಮ ಜಿಲ್ಲೆಯ ಸಖಿ ಒನ್ ಸ್ಟಾಪ್ ಸೆಂಟರ್ (ದೌರ್ಜನ್ಯಕ್ಕೆ ಒಳಗಾದ ಹೆಂಗಸರ ನೆರವಿನ ಕೇಂದ್ರ) ಎಲ್ಲಿದೆ ಅಂತ ಗೊತ್ತಿರ್ಬೇಕು, 181 (ಮಹಿಳಾ ಸಹಾಯವಾಣಿ) ಮತ್ತೆ 1098 (ಮಕ್ಕಳ ಸಹಾಯವಾಣಿ) ನಂಬರ್‌ನ ಟ್ರೀಟ್‌ಮೆಂಟ್ ರೂಮ್ ಗೋಡೆಗೆ ಅಂಟಿಸಿ.

ವಿದೇಶದಲ್ಲಿರೋ ಅಥವಾ ಹೋಗ್ಬೇಕು ಅಂತಿರೋ ನಮ್ಮ ಸಿಸ್ಟರ್‌ಗಳು ಸೇನ್ (ಲೈಂಗಿಕ ದೌರ್ಜನ್ಯದ ಪರೀಕ್ಷೆ ಮಾಡೋ ನರ್ಸ್) ಸರ್ಟಿಫಿಕೇಷನ್ ಬಗ್ಗೆ ಕೇಳ್ತಾರೆ. ಐಎಎಫ್‌ಎನ್ ಪ್ರಕಾರ ದೊಡ್ಡೋರ ವಿಭಾಗಕ್ಕೆ 40 ಗಂಟೆ ಪಾಠ, ಮೇಲೆ ಕ್ಲಿನಿಕಲ್ ತರಬೇತಿ, ಪರೀಕ್ಷೆಗೆ ಕೂರೋಕೆ 2 ವರ್ಷ ರಿಜಿಸ್ಟರ್ಡ್ ನರ್ಸ್ ಆಗಿ ಅನುಭವ ಮತ್ತೆ ಹಿಂದಿನ 3 ವರ್ಷದಲ್ಲಿ 300 ಗಂಟೆ ಇದೇ ಕೆಲಸ ಮಾಡಿರ್ಬೇಕು. ಆನ್‌ಲೈನಲ್ಲಿ 40 ಗಂಟೆ ಮುಗಿಸಿದ ತಕ್ಷಣ ಸೇನ್ ನರ್ಸ್ ಆಗಲ್ಲ, ಇಲ್ಲಿ ಕೂತು ಅದಕ್ಕೆ ದೊಡ್ಡ ದುಡ್ಡು ಹಾಕೋದು ನನಗೆ ಸರಿ ಕಾಣಲ್ಲ. ಬ್ರಿಟನ್ನಲ್ಲಿ ಫೋರೆನ್ಸಿಕ್ ನರ್ಸ್ ಅಂದ್ರೆ ಬಹಳ ಕಡೆ ಅಪರಾಧ ಮಾಡಿದ ಮಾನಸಿಕ ರೋಗಿಗಳಿರೋ ಭದ್ರತಾ ಆಸ್ಪತ್ರೆ ಕೆಲಸ, ಜಾಹೀರಾತು ಓದುವಾಗ ಗಮನಿಸಿ.

ಕೋರ್ಸ್ ಜೊತೆಗೇ ಮಾಡ್ಬೇಕಾದ್ದು

ಹತ್ರದಲ್ಲಿ ಮೆಡಿಕಲ್ ಕಾಲೇಜಿದ್ರೆ ಫೋರೆನ್ಸಿಕ್ ಮೆಡಿಸಿನ್ ವಿಭಾಗಕ್ಕೆ ನರ್ಸಿಂಗ್ ಸೂಪರಿಂಟೆಂಡೆಂಟ್ ಮೂಲಕ ಪತ್ರ ಬರೆದು ಒಂದು ದಿನ ಕೂರೋಕೆ ಕೇಳಿ. ನಾನು ಹಂಗೆ ಹೋದಾಗ ಅಲ್ಲಿನ ಪ್ರೊಫೆಸರ್ ಒಬ್ರು ವಾಪಸ್ ಬಂದ ಸ್ಯಾಂಪಲ್‌ಗಳ ಕವರ್ ತೋರಿಸಿದ್ರು, ಒಂದರ ಮೇಲೆ ಹೆಸರಿಲ್ಲ, ಒಂದರ ಸೀಲು ಒಡೆದಿದೆ, ಇನ್ನೊಂದು ಒದ್ದೆ ಇದ್ದಾಗ್ಲೇ ಮುಚ್ಚಿದ್ದು. ಅದನ್ನ ನೋಡಿದ್ಮೇಲೆ ಮಡಿವಾಳದ ಎಫ್‌ಎಸ್‌ಎಲ್‌ಗೆ (ಫೋರೆನ್ಸಿಕ್ ಲ್ಯಾಬಿಗೆ) ಹೋಗೋ ಒಂದೊಂದು ಕವರೂ ಯಾರದೋ ನ್ಯಾಯ ಅಂತ ಅನ್ಸೋಕೆ ಶುರು ಆಯ್ತು.

ಸಮನ್ಸ್ ಬಂದ್ರೆ ಹೆದರ್ಬೇಡಿ, ಆಫೀಸಿಗೆ ತಿಳಿಸಿ, ಕೇಸ್ ಶೀಟ್ ತರಿಸಿ ಎರಡ್ಸಲ ಓದಿ. ಕನ್ನಡದಲ್ಲೇ ಮಾತಾಡಿ. ನೋಡಿದ್ದು ಮಾಡಿದ್ದು ಅಷ್ಟೇ ಹೇಳಿ, ನೆನಪಿಲ್ಲ ಅಂದ್ರೆ ನೆನಪಿಲ್ಲ ಅನ್ನಿ, ಊಹೆ ಮಾಡಿ ಸಹಾಯ ಮಾಡೋಕೆ ಹೋಗ್ಬೇಡಿ.

ಇಂಥ ಕೇಸ್ ಆದ್ಮೇಲೆ ನಿದ್ದೆ ಬರಲ್ಲ, ಮಕ್ಕಳ ಕೇಸಾದ್ರೆ ಊಟಾನೂ ಸೇರಲ್ಲ. ಅದನ್ನ ಒಳಗಿಟ್ಕೊಂಡು ಮುಂದಿನ ಶಿಫ್ಟಿಗೆ ಹೋಗ್ಬೇಡಿ. ನಾವು ಹ್ಯಾಂಡ್‌ಓವರ್ ಆದ್ಮೇಲೆ ಹತ್ತು ನಿಮಿಷ ಬಾಗಿಲು ಹಾಕ್ಕೊಂಡು ಕೂತು ಮಾತಾಡ್ತೀವಿ, ಪೇಷೆಂಟ್ ಹೆಸರು ತೆಗಿಯಲ್ಲ, ನಮಗೇನಾಯ್ತು ಅಂತಷ್ಟೇ.

ಇನ್ನು ಕ್ಯಾಶುವಾಲ್ಟಿ ಬೀರುವಿನಲ್ಲಿ ಒಂದು ಡಬ್ಬ ರೆಡಿ ಮಾಡಿಡಿ. ಬ್ರೌನ್ ಪೇಪರ್ ಕವರು ದೊಡ್ಡದು ಚಿಕ್ಕದು, ಬಿಳಿ ಹಾಳೆ, ಸ್ವಾಬು, ಬೂದು ಮುಚ್ಚಳದ ಟ್ಯೂಬು, ಅಳತೆ ಪಟ್ಟಿ, ಮೈ ಚಿತ್ರದ ಫಾರ್ಮು, ಲೇಬಲ್ಲು, ಅರಗು, ಬೆಂಕಿಪೊಟ್ಟಣ, ಬದಲಿ ನೈಟಿ ಒಂದೆರಡು, ಯಾಕಂದ್ರೆ ಬಟ್ಟೆ ನಾವು ತಗೊಂಡ್ಮೇಲೆ ಆ ಹೆಂಗಸು ಏನ್ ಉಟ್ಕೊಂಡು ಮನೆಗೆ ಹೋಗ್ಬೇಕು. ನಮ್ಮಲ್ಲಿ ಈಗ ಆ ಡಬ್ಬದ ಲೆಕ್ಕ ಎಮರ್ಜೆನ್ಸಿ ಡ್ರಗ್ ಟ್ರಾಲಿ ಜೊತೆ ಪ್ರತಿ ಶಿಫ್ಟಲ್ಲೂ ಹ್ಯಾಂಡ್‌ಓವರ್ ಆಗತ್ತೆ, ಹೊಸದಾಗಿ ಸೇರಿದ ಸಿಸ್ಟರ್‌ಗಳಿಗೆ ಮೊದಲ ವಾರದಲ್ಲೇ ಹಳೇ ಶರ್ಟ್ ಕೊಟ್ಟು ತೂತು ಬಿಟ್ಟು ಕತ್ತರಿಸೋಕೆ ಹೇಳ್ತೀವಿ.